ಪಿನ್‌ಬಾಲ್ ಪೆಟ್ಟಿಗೆಯ ನಾಡಿಪರೀಕ್ಷೆ

ಅಮೆರಿಕದ ಅನೇಕ ಮನೆಗಳಲ್ಲಿ ನೆಲಮಾಳಿಗೆಯೆಂಬುದು ಅರ್ಧ ಉಗ್ರಾಣ, ಅರ್ಧ ವಿನೋದಶಾಲೆ. ಬಟ್ಟೆ ಒಗೆಯುವ ಯಂತ್ರ, ಹಳೆಯ ಸೋಫಾ, ಮಕ್ಕಳು ಬೆಳೆದ ಮೇಲೆ ಬೇಡವಾದ ಸೈಕಲ್ಲು ಇವುಗಳ ನಡುವೆ, ನಾಲ್ಕು ಉಕ್ಕಿನ ಕಾಲುಗಳ ಮೇಲೆ ಮುಂದಕ್ಕೆ ಓರೆಯಾಗಿ ನಿಂತ ಒಂದು ಉದ್ದನೆಯ ಪೆಟ್ಟಿಗೆ ಕೆಲವರ ಮನೆಯಲ್ಲಿ ಕಾಣಸಿಗುತ್ತದೆ. ಮೇಲೆ ಗಾಜು, ಗಾಜಿನ ಕೆಳಗೆ ಬಣ್ಣಬಣ್ಣದ ಹಲಗೆ, ತಲೆಯ ಕಡೆ ಚಿತ್ರ ಬರೆದ ಮತ್ತೊಂದು ಗಾಜಿನ ಹಿಂದೆ ಮಿನುಗುವ ದೀಪಗಳು. ಬುಗ್ಗೆಯ ಕಡ್ಡಿಯನ್ನು ಎಳೆದು ಬಿಟ್ಟರೆ ಸುಮಾರು 80 ಗ್ರಾಂ ತೂಕದ ಉಕ್ಕಿನ ಗುಂಡೊಂದು ಮೇಲಕ್ಕೆ ಚಿಮ್ಮಿ, ಅಲ್ಲಲ್ಲಿ ಬಡಿದು, ಗಂಟೆ ಬಾರಿಸಿ, ಅಂಕಗಳನ್ನು ಏರಿಸುತ್ತ ಇಳಿದು ಬರುತ್ತದೆ. ಅದು ಕೆಳಗಿನ ಬಾಯಿಗೆ ಬೀಳದಂತೆ ಎರಡು ಪುಟ್ಟ ಕೈಗಳಿಂದ ಮತ್ತೆ ಮತ್ತೆ ಮೇಲಕ್ಕೆ ಹೊಡೆಯುವುದೇ ಆಟ. ಇದೇ ಪಿನ್‌ಬಾಲ್.

ನಮ್ಮಲ್ಲಿ ಮಕ್ಕಳು ಮೊಳೆ ಬಡಿದ ಹಲಗೆಯ ಮೇಲೆ ಗೋಲಿಯನ್ನು ಕಡ್ಡಿಯಿಂದ ತಳ್ಳಿ ಆಡುವ ಬಗಾಟೆಲ್ ಇದರ ಹತ್ತಿರದ ನಂಟ. ಆ ಹಲಗೆಗೆ ಬುಗ್ಗೆಯ ಕಡ್ಡಿಯನ್ನು ಜೋಡಿಸಿ 1871ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದವನು ಮಾಂಟೆಗ್ಯೂ ರೆಡ್‌ಗ್ರೇವ್. 1931ರಲ್ಲಿ ಷಿಕಾಗೋದ ಡೇವಿಡ್ ಗಾಟ್ಲೀಬ್ ‘ಬ್ಯಾಫಲ್ ಬಾಲ್’ ಎಂಬ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಾಗ ಅದರೊಳಗೆ ವಿದ್ಯುತ್ತಿನ ಸೋಂಕೂ ಇರಲಿಲ್ಲ. 1933ರಲ್ಲಿ ಹ್ಯಾರಿ ವಿಲಿಯಮ್ಸ್ ತನ್ನ ‘ಕಾಂಟ್ಯಾಕ್ಟ್’ ಯಂತ್ರದೊಳಗೆ ಬ್ಯಾಟರಿಯನ್ನೂ ವಿದ್ಯುದಯಸ್ಕಾಂತವನ್ನೂ ಇರಿಸಿ, ಕುಳಿಗೆ ಬಿದ್ದ ಗುಂಡು ತಾನಾಗಿ ಹೊರಕ್ಕೆ ನೆಗೆಯುವಂತೆ ಮಾಡಿದನು. ಆಟಕ್ಕೆ ಜೀವ ಬಂದದ್ದು ಅಂದು. ಕಾಯಿಲೆಗಳು ಹುಟ್ಟಿದ್ದೂ ಅಂದೇ.

ಇಂದು ಆಟದ ಪ್ರಾಣವೇ ಎನಿಸಿರುವ ಎರಡು ಕೈಗಳು, ಎಂದರೆ ಫ್ಲಿಪ್ಪರುಗಳು, ಬಂದದ್ದು 1947ರಲ್ಲಿ, ಗಾಟ್ಲೀಬ್ ಕಂಪನಿಗಾಗಿ ಹ್ಯಾರಿ ಮ್ಯಾಬ್ಸ್ ರಚಿಸಿದ ‘ಹಂಪ್ಟಿ ಡಂಪ್ಟಿ’ಯಲ್ಲಿ. ಅದಕ್ಕೆ ಮುಂಚೆ ಇದು ಕೈಚಳಕದ ಆಟವೋ ಜೂಜೋ ಎಂಬ ಸಂಶಯ ಬಲವಾಗಿತ್ತು. 1942ರಲ್ಲಿ ನ್ಯೂಯಾರ್ಕಿನ ಮೇಯರ್ ಲಾ ಗಾರ್ಡಿಯಾ ಇದನ್ನು ನಿಷೇಧಿಸಿ, ವಶಪಡಿಸಿಕೊಂಡ ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದನು. ಆ ನಿಷೇಧ ತೊಲಗಿದ್ದು 1976ರಲ್ಲಿ. ರೋಜರ್ ಷಾರ್ಪ್ ಎಂಬ ತರುಣ ನಗರಸಭೆಯ ಮುಂದೆ, ಗುಂಡು ಯಾವ ಹಾದಿಯಲ್ಲಿ ಇಳಿಯುವುದೆಂದು ಮೊದಲೇ ಹೇಳಿ ಹಾಗೆಯೇ ಇಳಿಸಿ ತೋರಿಸಿದನು. ಅಂದು ಸಭೆಗೆ ಎರಡು ಯಂತ್ರಗಳನ್ನು ತಂದಿದ್ದರು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು! ಈ ಪೆಟ್ಟಿಗೆಗಳ ಸ್ವಭಾವವನ್ನು ಬಲ್ಲವರ ಮುನ್ನೆಚ್ಚರಿಕೆ ಅದು.

1970ರ ದಶಕದ ಕೊನೆಯಲ್ಲಿ ಕಾರ್ಖಾನೆಗಳು ಎಲೆಕ್ಟ್ರಾನಿಕ್ ಯಂತ್ರಗಳತ್ತ ತಿರುಗಿದವು. ಹಳೆಯ ವಿದ್ಯುತ್-ಯಾಂತ್ರಿಕ ಪೆಟ್ಟಿಗೆಗಳು ಅಂಗಡಿಗಳಿಂದ ಹೊರಬಿದ್ದು ಅಗ್ಗದ ಬೆಲೆಗೆ ಮನೆಗಳನ್ನು ಸೇರಿದವು. ಗಾಟ್ಲೀಬ್ ಹೆಸರಿನ ಯಂತ್ರಗಳ ತಯಾರಿಕೆ 1996ರಲ್ಲಿ ನಿಂತಿತು. ವಿಲಿಯಮ್ಸ್ ಕಂಪನಿ 1999ರಲ್ಲಿ ಈ ಕಸುಬನ್ನು ಬಿಟ್ಟಿತು. ಹೀಗಾಗಿ ಮನೆಯ ಯಜಮಾನನೇ ವೈದ್ಯನಾಗಬೇಕಾದ ಪರಿಸ್ಥಿತಿ.

ಮಿದುಳಿಲ್ಲದ ಬುದ್ಧಿವಂತ

ಹಳೆಯ ಪೆಟ್ಟಿಗೆಯ ಮುಚ್ಚಳ ತೆಗೆದವನಿಗೆ ಮೊದಲು ಆಗುವುದು ಗಾಬರಿ. ಕಂತೆಕಂತೆಯಾಗಿ ಕಟ್ಟಿದ ನೂರಾರು ಗಜ ತಂತಿ, ಸಾಲುಸಾಲಾಗಿ ರಿಲೆಗಳು, ಹಲ್ಲಿನ ಚಕ್ರಗಳು, ಎಲ್ಲೆಂದರಲ್ಲಿ ತೆಳುವಾದ ಲೋಹದ ಎಲೆಗಳ ಜೋಡಿಗಳು. ಆದರೆ ಇದರಲ್ಲಿ ರಹಸ್ಯವೆಂಬುದಿಲ್ಲ. ಎಲ್ಲವೂ ಕಣ್ಣಿಗೆ ಕಾಣುವಂಥದು. ಟ್ರಾನ್ಸ್‌ಫಾರ್ಮರು ಗೋಡೆಯಿಂದ ಬರುವ 115 ವೋಲ್ಟನ್ನು ಇಳಿಸಿ, ಸುರುಳಿಗಳಿಗೆ 24ರಿಂದ 50ರವರೆಗೆ, ದೀಪಗಳಿಗೆ ಆರು ವೋಲ್ಟಿನಷ್ಟು ಒದಗಿಸುತ್ತದೆ. ಗುಂಡು ಬಡಿದಾಗ ಎರಡು ಎಲೆಗಳು ಒಂದನ್ನೊಂದು ಮುಟ್ಟುತ್ತವೆ; ಪ್ರವಾಹ ಹರಿದು ಸುರುಳಿಯೊಂದು ತನ್ನೊಳಗಿನ ಕಬ್ಬಿಣದ ಕಡ್ಡಿಯನ್ನು ಸೆಳೆಯುತ್ತದೆ; ಆ ಕಡ್ಡಿ ಗುಂಡನ್ನು ಒದೆಯುತ್ತದೆ, ಗಂಟೆ ಹೊಡೆಯುತ್ತದೆ, ಇಲ್ಲವೆ ಅಂಕದ ಚಕ್ರವನ್ನು ಒಂದು ಹಲ್ಲು ಮುಂದೆ ತಳ್ಳುತ್ತದೆ. ‘ಈಗ ಮೂರನೆಯ ಗುಂಡು’ ಎಂಬ ನೆನಪು ಕೂಡ ಹಲ್ಲಿನ ಚಕ್ರವೊಂದು ಎಷ್ಟು ಹೆಜ್ಜೆ ತಿರುಗಿ ನಿಂತಿದೆಯೆಂಬುದರಲ್ಲೇ ಅಡಗಿದೆ.

ಆದುದರಿಂದ ದೋಷವನ್ನು ಹುಡುಕುವವನಿಗೆ ಮೊದಲು ಬೇಕಾದದ್ದು ಕಣ್ಣು, ಕಿವಿ, ಮೂಗು. ಇಕ್ಕಳ ಆಮೇಲೆ. ಯಾವ ರಿಲೆ ಮಿಡಿಯಿತು, ಯಾವುದು ಮಿಡಿಯಲಿಲ್ಲ, ಯಾವ ಸುರುಳಿ ಸುಮ್ಮನೆ ಗುಂಯ್‌ಗುಡುತ್ತಿದೆ, ಎಲ್ಲಿಂದ ಸುಟ್ಟ ವಾಸನೆ ಬರುತ್ತಿದೆ ಎಂಬುದನ್ನು ಗಮನಿಸದೆ ಸ್ಕ್ರೂ ಬಿಚ್ಚತೊಡಗಿದವನು ಒಂದು ದೋಷವನ್ನು ಮೂರಾಗಿಸಿ ಏಳುತ್ತಾನೆ.

ಮುಟ್ಟುವ ಮುನ್ನ

ಗಾಜಿನ ಕೆಳಗಿರುವುದು ಕಡಿಮೆ ವೋಲ್ಟು, ಭಯವೇನು ಎಂಬ ಧೈರ್ಯ ಅಪಾಯಕಾರಿ. ಟ್ರಾನ್ಸ್‌ಫಾರ್ಮರಿನವರೆಗೆ ಬರುವುದು ಗೋಡೆಯ ವಿದ್ಯುತ್ತೇ. ಕೆಲವು ಹಳೆಯ ಯಂತ್ರಗಳಲ್ಲಿ ಆಟ ಆರಿಹೋದಂತೆ ಕಂಡರೂ ಟ್ರಾನ್ಸ್‌ಫಾರ್ಮರು ಒಳಗೆ ಬೆಚ್ಚಗೆ ಜೀವಂತವಾಗಿರುತ್ತದೆ. ಗೋಡೆಯಿಂದ ಪ್ಲಗ್ಗನ್ನು ಕಿತ್ತು, ಅದರ ತುದಿಯನ್ನು ಕಣ್ಣೆದುರಿಗೇ ಇಟ್ಟುಕೊಂಡ ಮೇಲೆ ಕೈ ಒಳಗೆ ಹೋಗಬೇಕು.

ಇನ್ನೊಂದು ಕುತ್ತು ಪ್ಲಗ್ಗಿನಲ್ಲೇ ಇದೆ. ಹಳೆಯ ಪೆಟ್ಟಿಗೆಗಳಿಗೆ ಎರಡೇ ತಂತಿ. ಭೂಮಿಗೆ ಸೇರುವ ಮೂರನೆಯ ತಂತಿಯಿಲ್ಲ. ನಾಣ್ಯದ ಬಾಗಿಲು, ಪಕ್ಕದ ಪಟ್ಟಿಗಳು, ಕಾಲುಗಳು ಎಲ್ಲವೂ ಲೋಹ. ಹೊದಿಕೆ ಸವೆದ ತಂತಿಯೊಂದು ಒಳಗೆ ಅವುಗಳಿಗೆ ತಗುಲಿದರೆ, ತೇವವಿರುವ ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ನಿಂತು ಆಡುವ ಮಗುವಿನ ಎರಡು ಕೈಗಳೂ ಆ ಪಟ್ಟಿಗಳ ಮೇಲಿರುತ್ತವೆ. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಆಟ ಚೆನ್ನಾಗಿಯೇ ನಡೆಯುತ್ತಿದ್ದರೂ, ಬಲ್ಲ ಎಲೆಕ್ಟ್ರಿಷಿಯನ್ನನಿಂದ ಮೂರು ತಂತಿಯ ಹೊಸ ಹಗ್ಗವನ್ನು ಹಾಕಿಸಿ, ಹೊರಗಿನ ಲೋಹವೆಲ್ಲವನ್ನೂ ಭೂಮಿಗೆ ಜೋಡಿಸಿಕೊಳ್ಳುವುದು ಮೊದಲ ಕೆಲಸ.

ಎರಡನೆಯದು ಫ್ಯೂಸು. ಪ್ರತಿಯೊಂದು ಫ್ಯೂಸಿನ ಪಕ್ಕದಲ್ಲೂ ಅದು ಎಷ್ಟು ಆಂಪೇರಿನದಾಗಿರಬೇಕೆಂದು ಚೀಟಿಯಲ್ಲಿ ಮುದ್ರಿಸಿರುತ್ತಾರೆ. ಆದರೆ ಹಳೆಯ ಯಂತ್ರಗಳಲ್ಲಿ ಆ ಚೀಟಿಯ ಮಾತಿಗೂ ಅಲ್ಲಿರುವ ವಸ್ತುವಿಗೂ ಸಂಬಂಧವಿಲ್ಲದಿರುವುದೇ ಹೆಚ್ಚು. ಹತ್ತು ಆಂಪೇರಿನದು ಮತ್ತೆ ಮತ್ತೆ ಸುಟ್ಟುಹೋಯಿತೆಂದು ಇಪ್ಪತ್ತರದನ್ನು ಹಾಕಿದವರುಂಟು. ಸಿಗರೇಟು ಪ್ಯಾಕಿನ ಬೆಳ್ಳಿಕಾಗದವನ್ನು ಸುತ್ತಿ ಸಿಕ್ಕಿಸಿದ ಮಹನೀಯರೂ ಉಂಟು. ಕಾವಲುಗಾರ ಕೂಗಿಕೊಳ್ಳುತ್ತಾನೆಂದು ಅವನ ಬಾಯಿ ಕಟ್ಟಿದ ಹಾಗೆ. ಫ್ಯೂಸು ಸುಡುವುದು ರೋಗವಲ್ಲ, ರೋಗದ ಸೂಚನೆ. ಅದರ ಬಾಯಿ ಕಟ್ಟಿದರೆ ಮುಂದೆ ಸುಡುವುದು ಸುರುಳಿ, ಆಮೇಲೆ ತಂತಿಯ ಹೊದಿಕೆ, ಆಮೇಲೆ ಮರದ ಪೆಟ್ಟಿಗೆ.

ಸೋತ ಕೈ, ಸುಡುವ ಕೈ, ನಡುಗುವ ಕೈ

ಅತಿ ಸಾಮಾನ್ಯವಾದ ದೂರು ಫ್ಲಿಪ್ಪರಿನದು. ಅದರ ರಚನೆಯಲ್ಲಿ ಮೆಚ್ಚಬೇಕಾದ ಒಂದು ಜಾಣತನವಿದೆ. ಗುಂಡನ್ನು ಬಲವಾಗಿ ಹೊಡೆಯಲು ಕ್ಷಣಕಾಲ ಬಹಳ ಶಕ್ತಿ ಬೇಕು. ಆದರೆ ಆಟಗಾರ ಗುಂಡಿಯನ್ನು ಒತ್ತಿಯೇ ಹಿಡಿದು ಕೈಯನ್ನು ಮೇಲೆ ನಿಲ್ಲಿಸಿಕೊಂಡಾಗ ಅಷ್ಟು ಶಕ್ತಿ ಬೇಡ. ಆದ್ದರಿಂದ ಒಂದೇ ಸುರುಳಿಯಲ್ಲಿ ಎರಡು ಸುತ್ತುಗಳು: ದಪ್ಪ ತಂತಿಯದೊಂದು, ಹೊಡೆಯಲು, ಸಣ್ಣ ತಂತಿಯದೊಂದು, ಹಿಡಿದು ನಿಲ್ಲಿಸಲು. ಕೈ ಕೆಳಗಿರುವಾಗ ಒಂದು ಎಲೆಸ್ವಿಚ್ಚು ಮುಚ್ಚಿಕೊಂಡಿದ್ದು, ಸಣ್ಣ ತಂತಿಯ ಸುತ್ತನ್ನು ಬಳಸಿ ಹೋಗುವ ಅಡ್ಡದಾರಿಯನ್ನು ಒದಗಿಸುತ್ತದೆ. ಪ್ರವಾಹವೆಲ್ಲ ದಪ್ಪ ತಂತಿಯಲ್ಲಿ ಹರಿದು ಕೈ ರಭಸದಿಂದ ಏಳುತ್ತದೆ. ಪೂರ್ತಿ ಎದ್ದ ಕೂಡಲೇ ಕೈಯ ಸನ್ನೆಯೇ ಆ ಸ್ವಿಚ್ಚನ್ನು ತಳ್ಳಿ ತೆರೆಯುತ್ತದೆ. ಅಡ್ಡದಾರಿ ಮುಚ್ಚಿ, ಪ್ರವಾಹ ಎರಡು ಸುತ್ತುಗಳನ್ನೂ ಹಾದುಹೋಗಬೇಕಾಗಿ, ಬಹಳ ಕಡಿಮೆಯಾಗುತ್ತದೆ.

ಸರಳವಾದ ಲೆಕ್ಕ ನೋಡಬಹುದು. 30 ವೋಲ್ಟಿಗೆ 3 ಓಮ್ ತಡೆಯಿದ್ದರೆ 10 ಆಂಪೇರು. ಎಂದರೆ 300 ವಾಟ್ ಶಾಖ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪಗಿನ ಒಂದು ಸುರುಳಿಯಲ್ಲಿ! 100 ಓಮಿನ ಎರಡನೆಯ ಸುತ್ತು ಸೇರಿಕೊಂಡರೆ ಅದು 9 ವಾಟಿಗೆ ಇಳಿಯುತ್ತದೆ. ಯಂತ್ರದಲ್ಲಿ ಹರಿಯುವುದು ಪರ್ಯಾಯ ವಿದ್ಯುತ್ತಾದರೆ ಅಂಕಿಗಳು ಕೊಂಚ ಬದಲಾಗುತ್ತವೆ. ಅನುಪಾತದ ಭಾವ ಮಾತ್ರ ಇದೇ.

ಈ ಒಂದು ಪುಟ್ಟ ಸ್ವಿಚ್ಚು ಕೆಟ್ಟರೆ ಎರಡು ವಿರುದ್ಧ ರೋಗಗಳು ಹುಟ್ಟುವುದೇ ವಿಚಿತ್ರ. ಅದರ ತುದಿಗಳು ಕಪ್ಪುಗಟ್ಟಿ ಸರಿಯಾಗಿ ಮುಚ್ಚಿಕೊಳ್ಳದಿದ್ದರೆ, ಪ್ರವಾಹ ಮೊದಲಿಂದಲೇ ಸಣ್ಣ ತಂತಿಯ ಮೂಲಕ ಹೋಗಿ, ಕೈ ಜ್ವರ ಬಂದವನಂತೆ ಮೆಲ್ಲಗೆ ಏಳುತ್ತದೆ. ಗುಂಡು ಅರ್ಧ ಹಲಗೆಯನ್ನೂ ಏರುವುದಿಲ್ಲ. ಅದೇ ಸ್ವಿಚ್ಚು ತೆರೆಯದೆ ಉಳಿದರೆ ಹೊಡೆತವೇನೋ ಭರ್ಜರಿ, ಆದರೆ ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತೂ ಸುರುಳಿ ಬೇಯುತ್ತದೆ. ಮೊದಲು ವಾಸನೆ, ಅನಂತರ ಹೊಗೆ. ಇನ್ನು, ಸಣ್ಣ ತಂತಿಯೇ ಎಲ್ಲಾದರೂ ತುಂಡಾಗಿದ್ದರೆ ಮೂರನೆಯ ಲಕ್ಷಣ: ಕೈ ಏಳುತ್ತದೆ, ಸ್ವಿಚ್ಚು ತೆರೆಯುತ್ತದೆ, ಪ್ರವಾಹ ನಿಲ್ಲುತ್ತದೆ, ಕೈ ಬೀಳುತ್ತದೆ, ಸ್ವಿಚ್ಚು ಮತ್ತೆ ಮುಚ್ಚುತ್ತದೆ, ಕೈ ಮತ್ತೆ ಏಳುತ್ತದೆ. ಗುಂಡಿ ಒತ್ತಿದಷ್ಟು ಹೊತ್ತೂ ಕೈ ಮಿಂಚುಹುಳದ ರೆಕ್ಕೆಯಂತೆ ಪಟಪಟನೆ ನಡುಗುತ್ತದೆ. ಲಕ್ಷಣವನ್ನು ಸರಿಯಾಗಿ ನೋಡಿದವನಿಗೆ ಪೆಟ್ಟಿಗೆ ತೆರೆಯುವ ಮೊದಲೇ ರೋಗ ತಿಳಿದುಹೋಗುತ್ತದೆ.

ಹೆಚ್ಚು ಪ್ರವಾಹವನ್ನು ತಾಳಬೇಕಾದ ಈ ಸ್ವಿಚ್ಚಿನ ತುದಿಗಳು ಸಾಮಾನ್ಯವಾಗಿ ಟಂಗ್‌ಸ್ಟನ್ನಿನವು. ಅವನ್ನು ಸಣ್ಣ ಅರದಿಂದ ತೀಡಬಹುದು. ಉಳಿದ ಸ್ವಿಚ್ಚುಗಳ ತುದಿ ಬೆಳ್ಳಿಯದು, ಮೃದು. ಅದಕ್ಕೆ ಅರ ಹಾಕಿದರೆ ಸವೆದೇ ಹೋಗುತ್ತದೆ. ನುಣುಪಾದ ತೀಡುಪಟ್ಟಿಯನ್ನು ಎರಡು ತುದಿಗಳ ನಡುವೆ ಇಟ್ಟು, ಬೆರಳಿನಿಂದ ಹಗುರವಾಗಿ ಒತ್ತಿ ನಾಲ್ಕಾರು ಸಲ ಎಳೆದರೆ ಸಾಕು. ಎಲೆಗಳನ್ನು ಸುಮ್ಮಸುಮ್ಮನೆ ಬಾಗಿಸುವುದು ಮಾತ್ರ ದೊಡ್ಡ ತಪ್ಪು. ಇನ್ನೂರು ಸ್ವಿಚ್ಚುಗಳಲ್ಲಿ ಕೆಟ್ಟದ್ದು ಒಂದಾಗಿದ್ದರೆ, ಎಲ್ಲವನ್ನೂ ‘ಸರಿಪಡಿಸಿದ’ ಉತ್ಸಾಹಿಗೆ ಸಂಜೆಯ ವೇಳೆಗೆ ಇಪ್ಪತ್ತು ಕೆಟ್ಟಿರುತ್ತವೆ.

ನಿಲ್ಲದ ಮೋಟಾರು

ಮನೆಮಂದಿಯನ್ನು ಹೆಚ್ಚು ಕಂಗೆಡಿಸುವ ದೋಷ ಇನ್ನೊಂದು. ಆಟ ಆರಂಭಿಸುವ ಗುಂಡಿಯನ್ನು ಒತ್ತಿದರೆ ಪೆಟ್ಟಿಗೆಯ ಹೊಟ್ಟೆಯೊಳಗೆ ಮೋಟಾರು ಗರಗರನೆ ತಿರುಗತೊಡಗುತ್ತದೆ, ತಿರುಗುತ್ತಲೇ ಇರುತ್ತದೆ, ಗುಂಡು ಮಾತ್ರ ಬರುವುದಿಲ್ಲ. ನೋಡಲು ಭಯಂಕರ, ವಿಚಾರಿಸಿದರೆ ಸುಲಭ.

ಹೊಸ ಆಟಕ್ಕೆ ಮುಂಚೆ ಅಂಕದ ಚಕ್ರಗಳೆಲ್ಲ ಸೊನ್ನೆಗೆ ಬರಬೇಕಷ್ಟೆ? ಮೋಟಾರು ತಿರುಗುತ್ತ ಒಂದೊಂದು ಚಕ್ರಕ್ಕೂ ಮಿಡಿತಗಳನ್ನು ಕಳುಹಿಸುತ್ತದೆ. ಪ್ರತಿ ಮಿಡಿತಕ್ಕೂ ಚಕ್ರ ಒಂದು ಅಂಕಿ ಮುಂದೆ ಹೋಗುತ್ತದೆ. ಸೊನ್ನೆ ಮುಟ್ಟಿದಾಗ ಆ ಚಕ್ರದ ಸ್ವಿಚ್ಚು ತೆರೆದು, ‘ನನಗೆ ಇನ್ನು ಸಾಕು’ ಎನ್ನುತ್ತದೆ. ಎಲ್ಲ ಚಕ್ರಗಳೂ ಹಾಗೆಂದಾಗ ಮೋಟಾರು ನಿಲ್ಲುತ್ತದೆ. ಎಂದ ಮೇಲೆ ಮೋಟಾರು ನಿಲ್ಲದಿರುವುದಕ್ಕೆ ಕಾರಣ ಬಹುಮಟ್ಟಿಗೆ ಮೋಟಾರಿನಲ್ಲಿಲ್ಲ. ಎಲ್ಲೋ ಒಬ್ಬರು ಇನ್ನೂ ‘ಸಾಕು’ ಎಂದಿಲ್ಲ.

ಯಾರೆಂದು ತಿಳಿಯಲು ಮುಂದಿನ ಗಾಜಿನತ್ತ ನೋಡಿದರೆ ಸಾಕು. ಒಂದು ಚಕ್ರ ಸೊನ್ನೆಯಲ್ಲಿ ನಿಲ್ಲದೆ ಮತ್ತೆ ಮತ್ತೆ ಸುತ್ತುತ್ತಿದ್ದರೆ ಅದರ ಸೊನ್ನೆಯ ಸ್ವಿಚ್ಚು ತೆರೆಯುತ್ತಿಲ್ಲ. ಒಂದು ಚಕ್ರ ಏಳರಲ್ಲೋ ಎಂಟರಲ್ಲೋ ಕಲ್ಲಿನಂತೆ ನಿಂತಿದ್ದರೆ ಅದಕ್ಕೆ ಮಿಡಿತ ಬರುತ್ತಿಲ್ಲ, ಇಲ್ಲವೆ ಬಂದರೂ ಅದು ಕದಲಲಾರದು. ಇವೆರಡರಲ್ಲಿ ಯಾವುದೆಂದು ಅರಿಯಲು ಪ್ಲಗ್ಗು ಕಿತ್ತು ಆ ಚಕ್ರದ ಕಡ್ಡಿಯನ್ನು ಬೆರಳಿನಿಂದ ಒತ್ತಿ ಬಿಡಬೇಕು. ಟಕ್ಕೆಂದು ಹಿಂದಕ್ಕೆ ನೆಗೆದು ಚಕ್ರ ಒಂದು ಹೆಜ್ಜೆ ಸರಿದರೆ ಯಂತ್ರಭಾಗ ಸರಿಯಾಗಿದೆ, ದೋಷ ವಿದ್ಯುತ್ತಿನದು. ಅಂಟಿಕೊಂಡು ನಿಧಾನವಾಗಿ ಬಂದರೆ ದೋಷ ವಿದ್ಯುತ್ತಿನದಲ್ಲವೇ ಅಲ್ಲ, ಹಳೆಯ ಗ್ರೀಸಿನದು. ಎಲ್ಲ ಚಕ್ರಗಳೂ ಸೊನ್ನೆ ತೋರಿಸುತ್ತಿದ್ದು ಮೋಟಾರು ಮಾತ್ರ ತಿರುಗುತ್ತಿದ್ದರೆ, ಚಕ್ರಗಳಲ್ಲಿ ಒಂದರ ಸ್ವಿಚ್ಚು ಕೂದಲೆಳೆಯಷ್ಟು ತೆರೆಯದೆ ಉಳಿದಿರಬಹುದು, ಇಲ್ಲವೆ ಬೇರೊಂದು ರಿಲೆಯ ಎಲೆ ಅಂಟಿಕೊಂಡಿರಬಹುದು.

ಆ ಗ್ರೀಸಿನ ಕಥೆಯನ್ನೂ ಹೇಳಬೇಕು. ದಶಕಗಳ ಹಿಂದೆ ಯಾರೋ ಧಾರಾಳವಾಗಿ ಬಳಿದದ್ದು ಒಣಗಿ ಮೆರುಗೆಣ್ಣೆಯಂತೆ ಗಟ್ಟಿಯಾಗಿರುತ್ತದೆ. ಹೆಜ್ಜೆಹೆಜ್ಜೆಯಾಗಿ ಸರಿಯಬೇಕಾದ ಚಕ್ರಗಳು ಅದರಲ್ಲಿ ಹೂತುಹೋಗುತ್ತವೆ. ಬಿಚ್ಚಿ, ಸ್ಪಿರಿಟ್ಟಿನಿಂದ ತೊಳೆದು, ಒರೆಸಿ ಕೂಡಿಸುವುದೊಂದೇ ದಾರಿ. ಹೊಸ ಎಣ್ಣೆಯನ್ನು ಸಿಂಪಡಿಸಿದರೆ ಒಂದು ವಾರ ಸುಖ, ಆಮೇಲೆ ಮೊದಲಿಗಿಂತ ದೊಡ್ಡ ರಾಡಿ. ಅಷ್ಟೇ ಅಲ್ಲ, ಸಿಂಪಡಿಸುವ ಎಣ್ಣೆಗಳಲ್ಲಿ ಅನೇಕವು ಬೇಗ ಬೆಂಕಿ ಹಿಡಿಯುವಂಥವು, ಈ ಸ್ವಿಚ್ಚುಗಳೋ ಪ್ರತಿ ಮಿಡಿತಕ್ಕೂ ಕಿಡಿ ಹಾರಿಸುವಂಥವು. ತೊಳೆದ ಸ್ಪಿರಿಟ್ಟು ಪೂರ್ತಿ ಆರಿದ ಮೇಲೆಯೇ ಪ್ಲಗ್ಗು ಹಾಕಬೇಕೆಂಬುದೂ ಇದೇ ಕಾರಣಕ್ಕೆ. ಸುರುಳಿಯೊಳಗಿನ ಕಡ್ಡಿಗೆ ಎಣ್ಣೆ ಬೇಕಾಗಿಯೇ ಇಲ್ಲ.

ಕೆಲವೊಮ್ಮೆ ಆಟ ಆರಂಭವಾದ ಮರುಕ್ಷಣವೇ ‘ಟಿಲ್ಟ್’ ಎಂಬ ದೀಪ ಹತ್ತಿ ಎಲ್ಲವೂ ಸತ್ತುಹೋಗುತ್ತದೆ. ಪೆಟ್ಟಿಗೆಯನ್ನು ಎತ್ತಿ ಕುಲುಕುವ ಮೋಸಗಾರರಿಗಾಗಿ ಇಟ್ಟ ಬೋನು ಇದು: ಒಂದು ಲೋಹದ ಬಳೆ, ಅದರ ನಡುವೆ ತೂಗಾಡುವ ಒಂದು ಲಂಬಗುಂಡು. ಪೆಟ್ಟಿಗೆ ಅಲುಗಿದರೆ ಗುಂಡು ಬಳೆಗೆ ತಗುಲಿ ಆಟ ಮುಗಿಯುತ್ತದೆ. ಮನೆ ಬದಲಾಯಿಸುವಾಗ ಲಂಬ ಸೊಟ್ಟಗಾಗಿ ಬಳೆಗೆ ಒರಗಿಕೊಂಡಿದ್ದರೆ ಯಂತ್ರದ ಪಾಲಿಗೆ ಆಟಗಾರ ಸದಾ ಕಳ್ಳನೇ. ದುಬಾರಿ ರಿಪೇರಿಗೆ ಸಿದ್ಧರಾದವರು ಕೊನೆಗೆ ಕಾಲುಗಳ ಕೆಳಗಿನ ತಿರುಪನ್ನು ತಿರುಗಿಸಿ ಮಟ್ಟ ಸರಿಮಾಡಿ ನಕ್ಕದ್ದುಂಟು.

ದೀಪಗಳ ವಿಷಯ ಸಣ್ಣದು, ಆದರೂ ಒಂದು ಮಾತು. 44ನೇ ನಂಬರಿನ ಬಲ್ಬು 0.25 ಆಂಪೇರು ಎಳೆದರೆ 47ನೇ ನಂಬರಿನದು 0.15 ಮಾತ್ರ. ನಲವತ್ತು ಬಲ್ಬುಗಳಿದ್ದರೆ ಹತ್ತರ ಬದಲು ಆರು ಆಂಪೇರು. ಉಳಿತಾಯ ಟ್ರಾನ್ಸ್‌ಫಾರ್ಮರಿಗಷ್ಟೇ ಅಲ್ಲ. ತಲೆಯ ಗಾಜಿನ ಚಿತ್ರವನ್ನು ಗಾಜಿನ ಹಿಂಬದಿಯಲ್ಲಿ ಬಣ್ಣದಿಂದ ಮುದ್ರಿಸಿರುತ್ತಾರೆ. ವರ್ಷಗಟ್ಟಲೆ ಬಿಸಿ ತಾಗಿ ಆ ಬಣ್ಣ ಹಪ್ಪಳದಂತೆ ಏಳುತ್ತದೆ. ರಿಲೆಯನ್ನು ಹೊಸದಾಗಿ ತರಿಸಬಹುದು, ಉದುರಿದ ಚಿತ್ರವನ್ನು ಮತ್ತೆ ತರುವುದು ಕಷ್ಟ.

ಇಷ್ಟಕ್ಕೂ ಬಗ್ಗದ ದೋಷಗಳಿಗೆ ಮಂಡಲದ ನಕ್ಷೆಯೇ ಗತಿ. ಮೇಜಿನ ತುಂಬ ಹರಡುವ ಆ ದೊಡ್ಡ ಹಾಳೆಯಲ್ಲಿ ಯಂತ್ರದ ಪ್ರತಿಯೊಂದು ಸ್ವಿಚ್ಚೂ ತಂತಿಯ ಬಣ್ಣದೊಡನೆ ಏಣಿಯ ಮೆಟ್ಟಿಲುಗಳಂತೆ ಬರೆಯಲ್ಪಟ್ಟಿರುತ್ತದೆ. ಕೆಲಸ ಮಾಡದ ಸುರುಳಿಯನ್ನು ಅದರಲ್ಲಿ ಗುರುತಿಸಿ, ಅಲ್ಲಿಂದ ಒಂದೊಂದೇ ಸ್ವಿಚ್ಚನ್ನು ಹಿಂದಕ್ಕೆ ಎಣಿಸುತ್ತ ಹೋದರೆ, ಐದಾರರೊಳಗೆ ಅಪರಾಧಿ ಸಿಕ್ಕಿಬೀಳುತ್ತಾನೆ. ಪೆಟ್ಟಿಗೆಗೂ ತಲೆಗೂ ನಡುವಿನ ದೊಡ್ಡ ಪ್ಲಗ್ಗುಗಳನ್ನು ಮೊದಲೇ ಒಮ್ಮೆ ಕಿತ್ತು, ಉಜ್ಜಿ, ಬಿಗಿಯಾಗಿ ಸಿಕ್ಕಿಸಿದ್ದರೆ ಎಷ್ಟೋ ಸಲ ನಕ್ಷೆಯ ಅಗತ್ಯವೇ ಬೀಳುವುದಿಲ್ಲ. ಪಕ್ಕಕ್ಕೆ ಗುದ್ದಿದಾಗ ಮಾತ್ರ ಸರಿಹೋಗುವ ದೋಷಗಳ ಮನೆ ಅದು.

1977ರ ಈಚಿನ ಎಲೆಕ್ಟ್ರಾನಿಕ್ ಪೆಟ್ಟಿಗೆಗಳಲ್ಲಿ ಸುರುಳಿ, ಫ್ಲಿಪ್ಪರು, ಗುಂಡು ಹಾಗೆಯೇ ಉಳಿದವು. ರಿಲೆಗಳ ಸಂತೆ ಹೋಗಿ ಹಲಗೆಯೊಂದರ ಮೇಲಿನ ಚಿಪ್ಪುಗಳು ಬಂದವು. ಅವುಗಳ ಶತ್ರು ಧೂಳಲ್ಲ, ಗ್ರೀಸಲ್ಲ. ಅಂಕಗಳನ್ನು ನೆನಪಿಡಲೆಂದು ಆ ಹಲಗೆಯ ಮೇಲೆಯೇ ಇಟ್ಟ ಪುಟ್ಟ ಬ್ಯಾಟರಿ. ವರ್ಷಾನುಗಟ್ಟಲೆ ಮರೆತುಬಿಟ್ಟರೆ ಅದು ಸೋರಿ ತಾಮ್ರದ ಗೆರೆಗಳನ್ನು ಹಸಿರು ಬೂಷ್ಟಿನಂತೆ ತಿಂದುಹಾಕುತ್ತದೆ. ಆ ಕಾಲದ ಬ್ಯಾಲಿ ಯಂತ್ರಗಳಲ್ಲಿ ವಿದ್ಯುತ್ತು ಬಂದೊಡನೆ ಹಲಗೆಯ ಪುಟ್ಟ ಕೆಂಪು ದೀಪವೊಂದು ಏಳು ಸಲ ಮಿನುಗಿದರೆ ಮಿದುಳು ಆರೋಗ್ಯವಾಗಿದೆಯೆಂದು ಅರ್ಥ. ನಡುವೆ ನಿಂತರೆ, ಎಷ್ಟನೆಯದರಲ್ಲಿ ನಿಂತಿತೆಂಬುದೇ ದೋಷದ ವಿಳಾಸ.

ಅಮೆರಿಕದಲ್ಲಿ ಹಲವು ವರ್ಷ ನೆಲೆಸಿ ಬೆಂಗಳೂರಿಗೋ ಮೈಸೂರಿಗೋ ಮರಳುವವರು ಯಾರಾದರೂ ಇಂಥ ಪೆಟ್ಟಿಗೆಯನ್ನು ಹಡಗಿಗೆ ಹಾಕುವ ಯೋಚನೆ ಮಾಡಿದರೆ, ಇಲ್ಲಿನ ಗೋಡೆಯಲ್ಲಿರುವುದು 230 ವೋಲ್ಟೆಂಬುದನ್ನು ನೆನಪಿಡಬೇಕು. ನೇರವಾಗಿ ಚುಚ್ಚಿದರೆ ಫ್ಯೂಸು ಸರಿಯಿದ್ದವರಿಗೆ ಒಂದು ಚಟ್ ಎಂಬ ಸದ್ದು, ಇಲ್ಲದವರಿಗೆ ಹೊಗೆ. ತಕ್ಕ ಸಾಮರ್ಥ್ಯದ ಇಳಿಕೆಯ ಟ್ರಾನ್ಸ್‌ಫಾರ್ಮರನ್ನು ನಡುವೆ ಇಡಲೇಬೇಕು. ಅದನ್ನಿಟ್ಟ ಮೇಲೂ ಒಂದು ಅಂತರ ಉಳಿಯುತ್ತದೆ. ಅಲ್ಲಿ ವಿದ್ಯುತ್ತು ಸೆಕೆಂಡಿಗೆ 60 ಸಲ ಮಿಡಿದರೆ ಇಲ್ಲಿ 50. ಅದರಿಂದಾಗಿ ಅಂಕದ ಮೋಟಾರು ತುಸು ನಿಧಾನವಾಗಿ ತಿರುಗುತ್ತದೆ, ಟ್ರಾನ್ಸ್‌ಫಾರ್ಮರು ತುಸು ಹೆಚ್ಚು ಬಿಸಿಯಾಗುತ್ತದೆ, ಆಟಕ್ಕೇನೂ ಅಡ್ಡಿಯಿಲ್ಲ. ಮೊದಲ ಕೆಲವು ದಿನ ಅರ್ಧ ಗಂಟೆಗೊಮ್ಮೆ ಪೆಟ್ಟಿಗೆಯನ್ನು ಆರಿಸಿ, ಪ್ಲಗ್ಗು ಕಿತ್ತು, ಟ್ರಾನ್ಸ್‌ಫಾರ್ಮರಿನ ಹತ್ತಿರ ಅಂಗೈ ಹಿಡಿದು ಬಿಸಿಯನ್ನು ನೋಡಿಕೊಳ್ಳುವುದು ಒಳ್ಳೆಯದು.